ಕೂದಲೆಳೆಯಷ್ಟು ಗಿಡ್ಡ

ಹೇಫೆಲೆ ಎಂಜಿನ್ನನ್ನು ಮೇಜಿನ ಮೇಲೆ ಇಟ್ಟ ರೀತಿಗೇ ನನಗೆ ಸಿಟ್ಟು ಬಂತು. ಹಳೆಯ ಆಟಿಕೆ ಎಂಜಿನ್ನನ್ನು ಯಾರೂ ಹಾಗೆ ಹೊಗೆಕೊಳವೆ ಹಿಡಿದು, ಕೋಳಿಯ ಕತ್ತು ಹಿಡಿದ ಹಾಗೆ ಎತ್ತಬಾರದು. ಎರಡೂ ಕೈಯಿಂದ, ಕೆಳಗಿನ ಚೌಕಟ್ಟು ಹಿಡಿದು ಎತ್ತಬೇಕು. ಬೇರೆ ದಿನವಾಗಿದ್ದರೆ ಗದರಿಬಿಡುತ್ತಿದ್ದೆ. ಆ ದಿನ ಅವನಿಗೆ ಬುದ್ಧಿ ಹೇಳುವ ಧೈರ್ಯ ನಮ್ಮ ಸಂಘದಲ್ಲಿ ಯಾರಿಗೂ ಇರಲಿಲ್ಲ.

“ಇದು ನಮ್ಮಪ್ಪನ ಎಂಜಿನ್ ಅಲ್ಲ,” ಎಂದ. “ನಮ್ಮಪ್ಪಂದು ಎಲ್ಲಿ ಹೋಯ್ತು ಅಂತ ರಾಪ್ ಅವರು ಹೇಳ್ಲಿ.”

ನಾವು ಕೂತಿದ್ದದ್ದು ‘ಕುರಿಮರಿ’ ಹೋಟೆಲಿನ ಮಹಡಿಯಲ್ಲಿ. ಕೆಳಗಿನ ಅಡುಗೆಮನೆಯಿಂದ ಬೆಂದ ಬೇಳೆಯ, ಸಾಸೇಜಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ನವೆಂಬರ್ ಮುಗಿಯುತ್ತ ಬಂದಿತ್ತು. ಕ್ರಿಸ್‌ಮಸ್ ಹತ್ತಿರವಾಯಿತೆಂದರೆ ನಮ್ಮ ಕಣಿವೆಯ ಮನೆಮನೆಯಲ್ಲೂ ಅಟ್ಟದಿಂದ ರೈಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಅಜ್ಜನ ಕಾಲದ ಎಂಜಿನ್ ಓಡದಿದ್ದರೆ ಅದು ಹಬ್ಬವೇ ಅಲ್ಲ. ಆ ಹೊತ್ತಿನಲ್ಲಿ ಆಟಿಕೆ ರೈಲಿನ ಸಂಘದ ಸಭೆ ಎಂದರೆ ಬಿಯರು, ನಗು, ಬಡಾಯಿ. ಆ ಶನಿವಾರ ಮಾತ್ರ ಯಾರ ಲೋಟವೂ ಖಾಲಿಯಾಗಲಿಲ್ಲ.

“ರಾಪ್ ಅವರೇ, ಏನಾದ್ರೂ ಹೇಳ್ತೀರಾ?” ಎಂದು ಅಧ್ಯಕ್ಷ ಬೊಯ್ಟೆಲ್ ಕೇಳಿದರು. ಸ್ಟೇಷನ್ ಮಾಸ್ತರಾಗಿ ನಿವೃತ್ತರಾದವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ.

“ಹೇಳೋದೇನಿಲ್ಲ,” ಎಂದರು ರಾಪ್.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಇವರು ಹೆಗಲನ್ನೂ ಮುಟ್ಟಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಕೈ ಕಟ್ಟಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು.

ಓಯ್ಗೆನ್ ರಾಪ್ ನನಗೆ ಆಟಿಕೆ ಎಂಜಿನ್ ರಿಪೇರಿಯ ಕೆಲಸ ಕಲಿಸಿದವರು. ಮೇಷ್ಟ್ರೇ ಎಂದೇ ಕರೆಯುತ್ತೇನೆ. ಊರಿನ ಬೇರೆ ಕಾರ್ಯಾಗಾರಗಳಲ್ಲಿ “ಹುಡುಗಿಗೆ ಲೇತ್ ಯಾಕಮ್ಮ, ಹೊಲಿಗೆ ಮೆಷಿನ್ ಸಾಲ್ದಾ” ಎಂದು ನಕ್ಕು ಕಳಿಸಿದಾಗ, “ಲೇತಿಗೆ ಗಂಡು ಹೆಣ್ಣು ಗೊತ್ತಾಗಲ್ಲ, ಬಾ” ಎಂದು ಒಳಗೆ ಕರೆದವರು ಇವರೊಬ್ಬರೇ. ಈಗ ಅಂಗಡಿ ನನ್ನದು. ಅವರ ಕೈ ನಡುಗುತ್ತದೆ, ಆದರೂ ದಿನವೂ ಬಂದು ನನ್ನ ಕೆಲಸದಲ್ಲಿ ತಪ್ಪು ಹುಡುಕಿ ಹೋಗುತ್ತಾರೆ. ಸಿಗದಿದ್ದರೆ ಕಾಫಿ ಸರಿಯಿಲ್ಲ ಎನ್ನುತ್ತಾರೆ.

ವಿಷಯ ಇಷ್ಟು. ಫೋಲ್ಕ್‌ಮಾರ್ ಹೇಫೆಲೆಯ ತಂದೆ ಗೋಟ್‌ಲೋಬ್ ನಮ್ಮೂರಿನ ಬೇಕರಿಯವರು. ಯುದ್ಧಕ್ಕೆ ಮುಂಚೆ ಕೊಂಡ ಒಂದು ಎಕ್ಸ್‌ಪ್ರೆಸ್ ಎಂಜಿನ್ನನ್ನು ಯುದ್ಧದುದ್ದಕ್ಕೂ ಹಿಟ್ಟಿನ ಚೀಲದಲ್ಲಿ ಬಚ್ಚಿಟ್ಟು ಉಳಿಸಿಕೊಂಡಿದ್ದರು. ಅವರ ಕೊನೆಯ ಚಳಿಗಾಲದಲ್ಲಿ ಅದು ಓಡದೆ ನಿಂತಿತು. ರಿಪೇರಿಗೆ ರಾಪ್ ಬಳಿ ಬಂತು, ಕ್ರಿಸ್‌ಮಸ್ ಸಂಜೆಗೆ ಮನೆಗೆ ಹೋಗಿ ಓಡಿತು, ಹೊಸ ವರ್ಷ ಹುಟ್ಟಿದ ಮೇಲೆ ಮುದುಕರು ತೀರಿಕೊಂಡರು. ಅದಾಗಿ ಎಷ್ಟೋ ವರ್ಷಗಳ ನಂತರ, ಈ ಶರತ್ಕಾಲದಲ್ಲಿ, ಮಗ ಆ ಎಂಜಿನ್ನನ್ನು ಇನ್ಯಾವುದೋ ಊರಿನ ಹಳೆ ಆಟಿಕೆಗಳ ಸಂತೆಗೆ ಒಯ್ದು ಹೆಮ್ಮೆಯಿಂದ ತೋರಿಸಿದ. ಅಲ್ಲಿಯವನೊಬ್ಬ ತಿರುಗಿಸಿ ನೋಡಿ ನಕ್ಕನಂತೆ. ಮೋಟಾರು ಅಸಲಿ, ಚಕ್ರ ಅಸಲಿ, ಮೇಲಿನ ಮೈ ಮಾತ್ರ ನಕಲಿ. ಆ ಎಂಜಿನ್ನನ್ನು ಬಿಚ್ಚಿದ್ದು ರಾಪ್ ಒಬ್ಬರೇ ಆಗಿದ್ದರಿಂದ ಬೆರಳು ಯಾರ ಕಡೆ ತಿರುಗುತ್ತದೆ ಎನ್ನುವುದನ್ನು ಹೇಳಬೇಕಾಗಿಲ್ಲ.

ಅವತ್ತಿನಿಂದ ಬೇಕರಿಯವರು ರಾಪ್ ಮನೆಯ ಬಾಗಿಲ ಹಿಡಿಕೆಗೆ ಬೆಳಗಿನ ಬ್ರೆಡ್ಡಿನ ಚೀಲ ತಗುಲಿಸುವುದನ್ನು ನಿಲ್ಲಿಸಿದರು. ನಮ್ಮ ಕಡೆಯವರು ಕೊಲೆಯನ್ನಾದರೂ ಕ್ಷಮಿಸಿಯಾರು. ಎಲ್ಲರೂ ಓಡಾಡುವ ಮೆಟ್ಟಿಲನ್ನು ತನ್ನ ಸರದಿಯ ವಾರ ಗುಡಿಸದವನನ್ನು, ನಂಬಿ ಕೊಟ್ಟ ವಸ್ತುವನ್ನು ಬದಲಾಯಿಸಿದವನನ್ನು ಕ್ಷಮಿಸುವವರಲ್ಲ.

ಸಂಘಕ್ಕೊಂದು ಪದ್ಧತಿಯಿದೆ. ಹಳೆಯ ಎಂಜಿನ್ನಿಗೆ ಹೊಸ ಭಾಗ ಮಾಡಿ ಕೂರಿಸಿದವರು ಅದರ ಒಳಮೈಯಲ್ಲಿ ತಮ್ಮ ಗುರುತು ಒತ್ತಲೇಬೇಕು. ಗುರುತಿಲ್ಲದ ಹೊಸ ಭಾಗ ಎಂದರೆ ಮೋಸ. ಈ ಪದ್ಧತಿ ತಂದವರೇ ರಾಪ್. ಮೋಸ ಎಂದು ಇವತ್ತು ತೀರ್ಮಾನವಾದರೆ ಸಂಘದಿಂದ ಅವರ ಹೆಸರು ತೆಗೆಯುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಕಣಿವೆಯಲ್ಲಿ ಅವರ ಕೈ ಮುಟ್ಟದ ಎಂಜಿನ್ ಇಲ್ಲ. ಪ್ರತಿ ಮನೆಯವರೂ ತಮ್ಮದನ್ನು ತಿರುವಿ ತಿರುವಿ ನೋಡುತ್ತಾರೆ. ಎಪ್ಪತ್ತು ದಾಟಿದ, ಹೆಂಡತಿ ಇಲ್ಲದ, ಮಕ್ಕಳಿಲ್ಲದ ಆ ಮನುಷ್ಯನಿಗೆ ಹೆಸರೊಂದು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

“ಯಾರು ಪರೀಕ್ಷೆ ಮಾಡೋದು?” ಎಂದರು ಬೊಯ್ಟೆಲ್.

“ಗೆರ್ಲಿಂಡೆ ಮಾಡ್ಲಿ,” ಎಂದ ಹೇಫೆಲೆ. “ಅವರ ಶಿಷ್ಯೆ ಅಂತ ಗೊತ್ತು. ಆದ್ರೂ ಆಕೆ ಸುಳ್ಳು ಹೇಳಲ್ಲ. ಬಾಯಿ ಕೆಟ್ಟದ್ದು, ಅಷ್ಟೇ.”

ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಎಲ್ಲ ಸುಳ್ಳು, ಸಂತೆಯವನು ಏನೋ ಒದರಿದ್ದಾನೆ, ಐದು ನಿಮಿಷದಲ್ಲಿ ಇವರ ಬಾಯಿ ಮುಚ್ಚಿಸುತ್ತೇನೆ ಎನ್ನುವ ಜಂಬ ನನಗೆ.

ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ದೀಪ ಹತ್ತಿರ ಎಳೆದುಕೊಂಡೆ. ಹೊಗೆಕೊಳವೆಯ ಹಿಂದಿನ ಸ್ಕ್ರೂ ಸಡಿಲಿಸಿ ಮೈಯನ್ನು ಚೌಕಟ್ಟಿನಿಂದ ಬೇರೆ ಮಾಡಿದೆ. ಹಿಂದಿನ ಬೆಂಚಿನಿಂದ ಕೊಳಾಯಿ ಕೆಲಸದ ಕುರ್ಟ್ಸ್, “ದನದ ಸಂತೇಲಿ ಹಲ್ಲು ನೋಡೋ ಹಾಗೆ ನೋಡ್ತಿದಾಳಲ್ಲೋ,” ಎಂದ.

ಮೋಟಾರು ಅಸಲಿ. ಚಕ್ರ, ಸರಳು, ದೀಪದ ಕಂಬಿ, ಎಲ್ಲ ಅಸಲಿ. ಆಮೇಲೆ ಮೈಯ ಉದ್ದ ಅಳೆದೆ. ಈ ಜಾತಿಯ ಎಂಜಿನ್ನಿನ ಅಳತೆ ನನಗೆ ಬಾಯಿಪಾಠ. ಇನ್ನೊಮ್ಮೆ ಅಳೆದೆ. ಅಳೆಯುವ ಕ್ಯಾಲಿಪರನ್ನು ಒರೆಸಿ ಮತ್ತೊಮ್ಮೆ ಅಳೆದೆ. ಕೂದಲೆಳೆಯಷ್ಟು ಗಿಡ್ಡ.

ಅಸಲಿಯ ಮೇಲೆ ಅಚ್ಚು ತೆಗೆದು ಎರಕ ಹೊಯ್ದರೆ, ಕಾದ ಲೋಹ ಆರುವಾಗ ಕುಗ್ಗುತ್ತದೆ. ಅದಕ್ಕೇ ನಕಲು ಯಾವಾಗಲೂ ಅಸಲಿಗಿಂತ ಒಂದಿಷ್ಟು ಗಿಡ್ಡ. ಎಷ್ಟು ಜಾಣನಾದರೂ ಅದನ್ನು ಮರೆಸಲಾರ. ಒಳಮೈಗೆ ದೀಪ ಹಿಡಿದು ಗುರುತಿಗಾಗಿ ಹುಡುಕಿದೆ. ದೇವರೇ, ಒಂದು ಚುಕ್ಕೆಯಾದರೂ ಇರಲಿ ಎಂದು ಬೇಡಿಕೊಂಡೆ. ನುಣುಪಾಗಿ ಅರ ಹಾಕಿದ ಬರಿಯ ಲೋಹ. ಆ ಅರದ ಕೈ ಯಾರದೆಂದು ನನಗೆ ಗೊತ್ತು. ಅದನ್ನು ನೋಡಿಕೊಂಡೇ ನಾನು ಕೆಲಸ ಕಲಿತದ್ದು.

ತಲೆ ಎತ್ತಿದೆ. ಮೇಷ್ಟ್ರು ಇನ್ನೂ ಕಿಟಕಿಯನ್ನೇ ನೋಡುತ್ತಿದ್ದರು. ಕೂಗಿ ಕೇಳಬೇಕೆನ್ನಿಸಿತು, ಯಾಕೆ ಹೀಗೆ ಮಾಡಿದಿರಿ ಎಂದು.

ಮೈಯನ್ನು ಕೆಳಗಿಡುವಾಗ ಬೆಳಕು ಓರೆಯಾಗಿ ಬಿತ್ತು. ಚಾಲಕನ ಗೂಡಿನ ಒಳಮೂಲೆಯಲ್ಲಿ ಸಣ್ಣದೊಂದು ಬಿರುಕು. ಅದರ ಪಕ್ಕದಲ್ಲಿ ಇನ್ನೊಂದು. ಬಣ್ಣದ ಬಿರುಕಲ್ಲ, ಲೋಹದ್ದೇ. ಉಗುರು ಆಡಿಸಿದರೆ ಅಂಚು ತಾಗುತ್ತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಈ ಎಂಜಿನ್ನುಗಳ ಮೈ ಸತುವಿನ ಎರಕದ್ದು. ಯುದ್ಧಕ್ಕೆ ಮುಂಚಿನ ಸತುವಿನಲ್ಲಿ ಎಷ್ಟೋ ಸಲ ಸೀಸ ಬೆರೆತಿರುತ್ತಿತ್ತು. ಅಂಥ ಲೋಹ ಕಾಲ ಕಳೆದಂತೆ ಒಳಗಿನಿಂದಲೇ ಬಿರಿದು, ಒಂದು ದಿನ ಹಳೇ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಸತುವಿನ ಪ್ಲೇಗು ಎನ್ನುತ್ತೇವೆ. ಅದಕ್ಕೆ ಮದ್ದಿಲ್ಲ. ನಮ್ಮ ಅಂಗಡಿಯಲ್ಲಿ ಬಳಸುವುದು ಶುದ್ಧವಾದ ಸತು, ಅದು ನೂರು ವರ್ಷವಾದರೂ ಬಿರಿಯುವುದಿಲ್ಲ. ಹಾಗಿದ್ದರೆ ಮೇಷ್ಟ್ರು ಮಾಡಿದ ಹೊಸ ಮೈಗೆ ಹಳೆಯ ರೋಗ ಬಂದದ್ದು ಎಲ್ಲಿಂದ?

ಉತ್ತರ ಹೊಳೆಯಿತು. “ಐದು ನಿಮಿಷ ಕೊಡಿ,” ಎಂದೆ. “ಮೇಷ್ಟ್ರೇ, ಸ್ವಲ್ಪ ಹೊರಗೆ ಬನ್ನಿ.”

“ಏನು, ಪಾಠ ಒಪ್ಪಿಸೋಕಾ?” ಎಂದ ಹೇಫೆಲೆ.

“ಎಂಜಿನ್ ನಿಮ್ಮ ಮುಂದೇ ಇದೆ. ಕಾವಲು ಕೂತ್ಕೊಳ್ಳಿ,” ಎಂದು ಬಾಗಿಲೆಳೆದುಕೊಂಡೆ.

ಮೆಟ್ಟಿಲ ತಲೆಯಲ್ಲಿ ಚಳಿ. ಮೇಷ್ಟ್ರು ಕಟಕಟೆ ಹಿಡಿದು ನಿಂತರು.

“ಒಡೆದುಹೋಯ್ತಾ?” ಎಂದು ಕೇಳಿದೆ.

“ಯಾವುದು?”

“ನನ್ಹತ್ರ ಆಟ ಬೇಡ. ಒಳಗೆ ಬಿರುಕು ಬಿಟ್ಟಿದೆ. ಗೋಟ್‌ಲೋಬ್ ಅವರ ಎಂಜಿನ್ ನಿಮ್ಮ ಕೈಯಲ್ಲಿ ಪುಡಿಯಾಯ್ತು. ಚೂರು ಜೋಡಿಸಿ ಅಚ್ಚು ತೆಗೆದ್ರಿ, ಆ ಚೂರನ್ನೇ ಕರಗಿಸಿ ಹೊಯ್ದ್ರಿ. ಹೌದಾ, ಅಲ್ವಾ?”

“ಮೆಲ್ಲಗೆ ಮಾತಾಡು.”

“ಯಾಕೆ ಮೆಲ್ಲಗೆ? ಒಳಗೆ ನಿಮ್ಮನ್ನ ಕಳ್ಳ ಅಂತಿದಾರೆ!”

“ಅನ್ನಲಿ ಬಿಡು.” ಸ್ವಲ್ಪ ಹೊತ್ತು ತಮ್ಮ ಬಲಗೈಯನ್ನೇ ನೋಡಿಕೊಂಡರು. “ಸ್ಕ್ರೂ ತೆಗೆದೆ. ಮೈ ಬಿಗಿಯಾಗಿ ಕೂತಿತ್ತು. ಹೆಬ್ಬೆರಳಿಂದ ಒತ್ತಿದೆ. ಒತ್ತಬೇಡ, ಒತ್ತಬೇಡ ಅಂತ ನಿನಗೆ ಎಷ್ಟು ಸಲ ಬೈದಿದ್ದೀನಿ. ನಾನೇ ಒತ್ತಿದೆ.”

“ರೋಗ ಹತ್ತಿದ್ದು. ಯಾರ ಕೈಯಲ್ಲಾದ್ರೂ ಒಡೀತಿತ್ತು.”

“ಯಾರ ಕೈಯಲ್ಲಾದ್ರೂ ಒಡೀಲಿ. ನನ್ನ ಕೈಯಲ್ಲಿ ಒಡೀಬಾರದಿತ್ತು.” ಅವರ ದನಿ ಗಡುಸಾಯಿತು. “ಕೇಳು ಹುಡುಗಿ. ಕಳ್ಳ ಅಂದ್ರೆ ಅನ್ನಿಸ್ಕೋತೀನಿ. ಕೈ ಕೆಟ್ಟವನು ಅಂತ ಅನ್ನಿಸ್ಕೊಳ್ಳಲ್ಲ. ನೀನು ಅಳತೆ ಹೇಳು, ಗುರುತಿಲ್ಲ ಅಂತ ಹೇಳು, ಮುಗಿಸು. ಬಿರುಕಿನ ವಿಷಯ ಎತ್ತಬೇಡ.”

ಐವತ್ತಾದ ನನ್ನನ್ನು ಈಗಲೂ ಹುಡುಗಿ ಎನ್ನುವವರು ಇವರೊಬ್ಬರೇ. ಅವರ ಮೇಲೆ ಅಷ್ಟು ಪ್ರೀತಿ, ಅಷ್ಟೇ ಸಿಟ್ಟು ಒಟ್ಟಿಗೆ ಉಕ್ಕಿತು.

“ಇದು ಮರ್ಯಾದೆ ಅಲ್ಲ ಮೇಷ್ಟ್ರೇ, ಜಂಬ.”

“ಜಂಬ ಅಂತಾನೇ ಇಟ್ಕೋ. ನನ್ನದು ತಾನೇ.”

ಒಳಗೆ ಬರುವಾಗ ನಾನು ಅಡಕತ್ತರಿಗೆ ಸಿಕ್ಕ ಅಡಿಕೆಯಾಗಿದ್ದೆ. ಅರ್ಧ ಸತ್ಯ ಹೇಳಿದರೆ ಅವರು ಕಳ್ಳರಾಗುತ್ತಾರೆ. ಪೂರ್ತಿ ಹೇಳಿದರೆ ನನ್ನನ್ನು ಕರೆದು ಕಲಿಸಿದ ಮನುಷ್ಯ ಬೇಡಿಕೊಂಡದ್ದನ್ನು ಕಾಲಲ್ಲಿ ತುಳಿದ ಹಾಗೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮೊದಲು ಅಳತೆ ಹೇಳಿದೆ. ಮೈ ನಕಲಿ, ಗುರುತಿಲ್ಲ, ಮಾಡಿದವರು ರಾಪ್ ಎಂದೆ. ಗುಜುಗುಜು ಎದ್ದಿತು.

ಹೇಫೆಲೆ ಎದ್ದು ನಿಂತ. “ಯಾರಿಗೆ ಕೊಟ್ರಿ ನಮ್ಮಪ್ಪಂದು? ಸಾಯೋ ಮನುಷ್ಯನ ಕೈಯಿಂದ ಕಿತ್ಕೊಂಡು ಯಾರಿಗೆ ಕೊಟ್ರಿ? ಅಪ್ಪ ಆ ಕ್ರಿಸ್‌ಮಸ್ ರಾತ್ರಿ ಮಗುವಿನ ಹಾಗೆ ನೆಲದ ಮೇಲೆ ಕೂತು ನೋಡಿದ್ರು, ಗೊತ್ತಾ?” ಅವನ ಕಣ್ಣು ಕೆಂಪಾಗಿತ್ತು. ಅಲ್ಲಿಯವರೆಗೆ ನಾನು ಅವನನ್ನು ಬರಿಯ ಜಗಳಗಂಟ ಎಂದುಕೊಂಡಿದ್ದೆ. ತಪ್ಪು.

“ಹಳೇ ಕಳ್ಳ,” ಎಂದು ಹಿಂದಿನಿಂದ ಯಾರೋ ಅಂದರು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. “ಯಾರಿಗೂ ಕೊಟ್ಟಿಲ್ಲ. ನಿಮ್ಮಪ್ಪಂದು ಇಲ್ಲೇ ಇದೆ, ಈ ಮೇಜಿನ ಮೇಲೆ!” ಎಂದೆ. ಪ್ಲೇಗು, ಚೂರು, ಎರಕ, ಎಲ್ಲ ಹೇಳಿದೆ. ಮೇಷ್ಟ್ರ ಕಡೆ ನೋಡಲಿಲ್ಲ. ನೋಡಿದ್ದರೆ ನಿಲ್ಲಿಸಿಬಿಡುತ್ತಿದ್ದೆ.

“ಕಥೆ ಚೆನ್ನಾಗಿದೆ,” ಎಂದ ಹೇಫೆಲೆ. “ರೋಗದ ಸತುವನ್ನ ಕರಗಿಸಿದ್ರೂ ರೋಗ ಹೋಗಲ್ಲ ಅಂತ ನನಗೇ ಗೊತ್ತು, ಬೇಕರಿಯವನಿಗೆ. ರಾಪ್ ಅಂಥವರು ಆ ತಪ್ಪು ಮಾಡ್ತಾರಾ?”

ಅದು ಸರಿಯಾದ ಪ್ರಶ್ನೆಯೇ. ಕೆಲಸ ಕಲಿಯಲು ಬಂದವರಿಗೆ ಮೇಷ್ಟ್ರು ಹೇಳುವ ಮೊದಲ ಪಾಠವೇ ಅದು.

“ಮುರಿದು ನೋಡೋಣ,” ಎಂದೆ. “ಒಳ್ಳೇ ಸತುವಾದ್ರೆ ಮುರಿದ ಜಾಗ ಬೆಳ್ಳಗೆ ಹೊಳೆಯತ್ತೆ. ಆಗ ನಾನೂ ಸುಳ್ಳಿ, ಅವರೂ ಕಳ್ಳ. ರೋಗದ್ದಾದ್ರೆ ಬೂದಿ ಬಣ್ಣ, ಮರಳಿನ ಹಾಗೆ ಉದುರತ್ತೆ. ಆದ್ರೆ ಒಮ್ಮೆ ಶುರುವಾದ್ರೆ ಎಲ್ಲಿ ನಿಲ್ಲತ್ತೋ ಗೊತ್ತಿಲ್ಲ. ನಿಮ್ಮಪ್ಪನ ಎಂಜಿನ್ ಹೋಯ್ತು ಅಂತಾನೇ ಲೆಕ್ಕ. ಹೇಳಿ, ನೀವು ಹೇಳಿದ ಹಾಗೆ.”

ಹೇಫೆಲೆಗೆ ಅದನ್ನು ನಕಲಿ ಎಂದು ಬೈಯುವುದು ಸುಲಭವಾಗಿತ್ತು. ಈಗ ಅದು ಅಪ್ಪನದೇ ಇರಬಹುದು, ಅದನ್ನೇ ಮುರಿಸಬೇಕು. ಬೊಯ್ಟೆಲ್, “ಮುಂದಿನ ಸಭೆಗೆ ಇಟ್ಕೊಂಡ್ರೆ ಹೇಗೆ...” ಎಂದರು.

ಆಗ ಮೇಷ್ಟ್ರು ಎದ್ದರು. ಅವರ ಮುಖ ಬಿಳಿಚಿತ್ತು. “ಬೇಡಪ್ಪ ಫೋಲ್ಕ್‌ಮಾರ್. ನಾನು ಕಳ್ಳ ಅಂತಾನೇ ಬರ್ಕೊಳ್ಳಿ. ಈಗಲೇ ಎದ್ದು ಹೋಗ್ತೀನಿ. ಅದನ್ನ ಮಾತ್ರ ಮುಟ್ಟಬೇಡಿ.”

ಹೇಫೆಲೆ ಅವರನ್ನೇ ನೋಡುತ್ತ ನಿಂತ. ಕದ್ದವನು ತಾನು ಕೊಟ್ಟ ನಕಲಿಗಾಗಿ ಹೀಗೆ ಅಂಗಲಾಚುವುದಿಲ್ಲ ಎಂದು ಅವನಿಗೂ ಹೊಳೆದಿರಬೇಕು. ಆದರೆ ನಿಜ ಗೊತ್ತಾಗದೆ ಮನೆಗೆ ಹೋಗುವುದು ಇನ್ನು ಅವನಿಂದ ಆಗದು.

“ಮುರೀರಿ,” ಎಂದ.

ಇಕ್ಕಳ ಕೈಗೆತ್ತಿಕೊಂಡೆ. ಚಾಲಕನ ಗೂಡಿನ ಕೆಳ ಅಂಚಿಗೆ, ಸ್ವಲ್ಪವೇ ಸ್ವಲ್ಪ ಮುರಿಯೋಣ ಎಂದು ತಾಗಿಸಿದೆ. ಹಿಂಡುವ ಅಗತ್ಯವೇ ಬರಲಿಲ್ಲ. ಟಿಕ್ ಎಂದಿತು. ಬಿರುಕು ಗೂಡಿನಿಂದ ಬಾಯ್ಲರಿನ ಬೆನ್ನುದ್ದಕ್ಕೆ ಓಡಿತು. ಒಂದು ಬದಿ ಪೂರ್ತಿ ಕಳಚಿ ಬಟ್ಟೆಯ ಮೇಲೆ ಬಿತ್ತು. ಮುರಿದ ಬಾಯಿಂದ ಬೂದು ಬಣ್ಣದ ಹರಳುಗಳು ಉದುರಿದವು, ಉದುರುತ್ತಲೇ ಇದ್ದವು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಮೊದಲು ಬಾಯಿ ಬಿಟ್ಟವನು ಕುರ್ಟ್ಸ್. “ಅಯ್ಯೋ, ಹಾಗಾದ್ರೆ ಕೈ ತಪ್ಪಿದ್ದಾ! ಪಾಪ,” ಎಂದ. ಅದರ ಬೆನ್ನಿಗೇ ಇನ್ನೊಬ್ಬ ಪಕ್ಕದವನಿಗೆ, “ನಮ್ಮನೇದೂ ಅವರೇ ರಿಪೇರಿ ಮಾಡಿದ್ದು ಕಣೋ. ಅದನ್ನೂ ಒಡೆದಿದಾರೋ ಏನೋ,” ಎಂದು ಪಿಸುಗುಟ್ಟಿದ. ಪಿಸುಮಾತು ಇಡೀ ಕೋಣೆಗೆ ಕೇಳಿಸಿತು. ಮೇಷ್ಟ್ರು ಹೆದರಿದ್ದು ಸರಿಯಾಗಿ ಇದಕ್ಕೇ. ಕಳ್ಳ ಎನ್ನುವ ಮಾತಿನಿಂದ ಅವರನ್ನು ಎಳೆದು ತಂದು ಇದರಲ್ಲಿ ಕೆಡವಿದ್ದೆ. ಇಕ್ಕಳ ಬಿಸಾಡಿ ಅಳಬೇಕೆನ್ನಿಸಿತು.

ಹೇಫೆಲೆ ಚೂರುಗಳನ್ನು ನೋಡುತ್ತಿದ್ದ. ಮುಟ್ಟಲಿಲ್ಲ. “ಅಪ್ಪನಿಗೆ ಗೊತ್ತಿತ್ತಾ?” ಎಂದು ಕೇಳಿದ.

ಮೇಷ್ಟ್ರು ಕಣ್ಣು ತೆರೆದರು.

“ಮನೆಗೆ ತಂದುಕೊಟ್ಟ ದಿನವೇ ಗೊತ್ತಾಯ್ತು. ಕೈಗೆ ತಗೊಂಡು ಮೂಸಿ ನೋಡಿದ. ಹೊಸ ಬಣ್ಣದ ವಾಸನೆ. ‘ಓಯ್ಗೆನ್, ಇದು ನಂದಲ್ಲ, ನಂದೆಲ್ಲಿ?’ ಅಂದ. ‘ಇದರೊಳಗೇ ಇದೆ ಗೋಟ್‌ಲೋಬ್, ಒಂದು ಚೂರೂ ಎಸೆದಿಲ್ಲ’ ಅಂದೆ. ಒಳ್ಳೇ ಸತು ಅಂಗಡೀಲಿ ಬಿದ್ದಿತ್ತು. ಅದರಲ್ಲಿ ಹೊಯ್ದಿದ್ರೆ ಗಟ್ಟಿಯಾಗಿರೋದು. ಆದ್ರೆ ಅದು ಅವನದಾಗ್ತಿರಲಿಲ್ಲ. ಕೆಲವು ವರ್ಷ ಬಾಳತ್ತೆ, ಅವನಿಗೆ ಅಷ್ಟು ಸಾಕು ಅಂದ್ಕೊಂಡೆ. ಅವನು, ‘ಯಾರಿಗೂ ಹೇಳ್ಬೇಡ, ನಿನ್ನ ಹೆಸರು ಕೆಡತ್ತೆ’ ಅಂದ. ‘ಹಳಿ ಜೋಡಿಸು, ಫೋಲ್ಕ್‌ಮಾರ್ ಬರೋ ಹೊತ್ತಾಯ್ತು’ ಅಂದ.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಸತ್ತವನನ್ನ ಸಾಕ್ಷಿಗೆ ಕರೆದ್ರೆ ಯಾರು ನಂಬ್ತಾರೆ? ನೀನು ನಂಬ್ತಿದ್ಯಾ?”

ಹೇಫೆಲೆ ಕುರ್ಚಿ ಎಳೆದು ಕೂತ, ಮುಖವನ್ನು ಎರಡೂ ಕೈಯಿಂದ ಉಜ್ಜಿಕೊಂಡ. ಬೊಯ್ಟೆಲ್ ಮೆಲ್ಲಗೆ, “ಹಾಗಾದ್ರೆ ಮತಕ್ಕೆ ಹಾಕೋದಾ?” ಎಂದರು.

“ಏನನ್ನ ಮತಕ್ಕೆ ಹಾಕ್ತೀರಿ?” ಎಂದು ಹೇಫೆಲೆ ಗುಡುಗಿದ. ಆಮೇಲೆ ಎದ್ದು, ಮೋಟಾರು ಚಕ್ರ ಇದ್ದ ಚೌಕಟ್ಟನ್ನು ಎರಡೂ ಕೈಯಿಂದ ಎತ್ತಿ, ಮೇಜು ಸುತ್ತಿ ಹೋಗಿ ಮೇಷ್ಟ್ರ ಮುಂದಿಟ್ಟ. ಹಿಂದಿನ ಬೆಂಚಿನವರಿಗೂ ಕೇಳಲಿ ಎಂಬಂತೆ ಗಟ್ಟಿಯಾಗಿ ಹೇಳಿದ, “ಇದಕ್ಕೆ ಒಂದು ಹೊಸ ಮೈ ಮಾಡಿಕೊಡಿ. ನೀವೇ ಮಾಡ್ಬೇಕು.”

“ನನ್ನ ಕೈ ನಡುಗತ್ತಪ್ಪ. ಗೆರ್ಲಿಂಡೆ ಮಾಡ್ತಾಳೆ. ಈ ಚಕ್ರಗಳೂ ಅದೇ ಕಾಲದವು. ನಾನು ಮುಟ್ಟಿದ್ರೆ ಇವೂ ಒಡೀಬಹುದು.”

“ಒಡೀಲಿ,” ಎಂದ ಹೇಫೆಲೆ. “ಒಡೆದ್ರೆ ಅವತ್ತೇ ಬಂದು ನನಗೆ ಹೇಳಿ. ಅಷ್ಟೇ ನಾನು ಕೇಳೋದು.”

ಮೇಷ್ಟ್ರು ಚೌಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಹೇಳುತ್ತೇನೆ ಎಂದರು.